ಗೋಡೆಗೆ ಹಾಕಿದ ಟ್ರಸ್ಟ್ ಪತ್ರವೇ ವೃದ್ಧಾಶ್ರಮದ ಲೈಸೆನ್ಸಾ?

ಪ್ರಶ್ನೆ: ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ಅಮ್ಮನಿಗೆ 78 ವರ್ಷ, ಹಾಸನದಲ್ಲಿ ಒಬ್ಬರೇ ಇದ್ದಾರೆ. ಸೊಂಟದ ಮೂಳೆ ಮುರಿದ ಮೇಲೆ ಓಡಾಟ ಕಷ್ಟ, ದಿನಾ ಇನ್ಸುಲಿನ್ ಬೇಕು. ಮೈಸೂರಿನಲ್ಲಿ ಒಂದು ಖಾಸಗಿ ವೃದ್ಧಾಶ್ರಮ ನೋಡಿದೆವು. ಊಟ, ವಸತಿ ಎಲ್ಲ ಸೇರಿ ತಿಂಗಳಿಗೆ 22,000 ರೂಪಾಯಿ, ಮೇಲೆ ಜಿಎಸ್‌ಟಿ, 2 ಲಕ್ಷ ಅಡ್ವಾನ್ಸ್. ಲೈಸೆನ್ಸ್ ಎಲ್ಲಿ ಅಂತ ಕೇಳಿದರೆ ಟ್ರಸ್ಟ್ ನೋಂದಣಿ ಪತ್ರ ತೋರಿಸಿದರು. ಅಷ್ಟು ಸಾಕಾ? ಏನಾದರೂ ಎಡವಟ್ಟಾದರೆ ಯಾರಿಗೆ ದೂರು ಕೊಡಬೇಕು?

ಉತ್ತರ: ಸಾಲದು. ಒಂದು ಟ್ರಸ್ಟ್ ಹುಟ್ಟಿದೆ ಅನ್ನುವುದಕ್ಕೆ ಮಾತ್ರ ಆ ಪತ್ರ ಸಾಕ್ಷಿ. ಅಲ್ಲಿ ಎಷ್ಟು ಜನ ಆಯಾಗಳಿದ್ದಾರೆ, ರಾತ್ರಿ ಯಾರು ಎದ್ದಿರುತ್ತಾರೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯಾ ಅಂತ ನೋಂದಣಿ ಮಾಡಿದವರು ಯಾರೂ ಬಂದು ನೋಡಿರುವುದಿಲ್ಲ.

ನಮ್ಮಲ್ಲಿ ತೊಡಕು ಇರುವುದು ಕಾನೂನಿನಲ್ಲೇ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಂ ಮಾತಾಡುವುದು ಸರ್ಕಾರ ಕಟ್ಟಬೇಕಾದ ವೃದ್ಧಾಶ್ರಮದ ಬಗ್ಗೆ. ಜಿಲ್ಲೆಗೆ ಒಂದಾದರೂ ಇರಬೇಕು, ಕನಿಷ್ಠ 150 ಬಡ ಹಿರಿಯರಿಗೆ ಜಾಗ ಇರಬೇಕು ಅನ್ನುತ್ತದೆ. ದುಡ್ಡು ತೆಗೆದುಕೊಂಡು ನಡೆಸುವ ಖಾಸಗಿಯವರು ಲೈಸೆನ್ಸ್ ಪಡೆಯಲೇಬೇಕು ಅನ್ನುವ ಮಾತು ಆ ಕಾಯ್ದೆಯಲ್ಲಿ ಇಲ್ಲ. 2019ರಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆಯಲ್ಲಿ ಇಂಥ ಮನೆಗಳ ನೋಂದಣಿ, ಕನಿಷ್ಠ ಗುಣಮಟ್ಟ ಎರಡೂ ಇದ್ದವು. ಅದು ಪಾಸೇ ಆಗಲಿಲ್ಲ. 2024ರಲ್ಲಿ ಆ ಲೋಕಸಭೆಯ ಜೊತೆಗೇ ಬಿದ್ದುಹೋಯಿತು. ಒಂದು ಚಹಾ ಅಂಗಡಿಗೂ ಆಹಾರ ಇಲಾಖೆಯ ನಂಬರ್ ಬೇಕಾದ ದೇಶದಲ್ಲಿ ಇದು ವಿಚಿತ್ರ, ಅಲ್ವಾ?

ಹಾಗಾಗಿ ನೀವು ಕೇಳಬೇಕಾದ್ದು ಒಂದು ಲೈಸೆನ್ಸ್ ಅಲ್ಲ, ಬೇರೆ ಬೇರೆ ಕಾಗದ. ನಿಮ್ಮ ಅಮ್ಮನ ಮಟ್ಟಿಗೆ ಮುಖ್ಯವಾದದ್ದು ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ. ಬರೀ ಊಟ, ವಸತಿ ಕೊಡುವ ಜಾಗಕ್ಕೆ ಇದರ ಮಾತು ಬರುವುದಿಲ್ಲ. ಆದರೆ ಡ್ರಿಪ್ ಹಾಕುತ್ತೇವೆ, ಆಪರೇಷನ್ ಆದವರನ್ನು ಮಲಗಿಸಿ ಚಿಕಿತ್ಸೆ ಕೊಡುತ್ತೇವೆ ಅಂತ ಬೋರ್ಡ್ ಹಾಕಿಕೊಂಡವರು ನರ್ಸಿಂಗ್ ಹೋಮ್ ಕೆಲಸ ಮಾಡುತ್ತಿದ್ದಾರೆ. ಅವರನ್ನು ಈ ನೋಂದಣಿ ತೋರಿಸಿ ಅಂತ ಕೇಳಲೇಬೇಕು. ನಿಮ್ಮ ಅಮ್ಮನಿಗೆ ಇನ್ಸುಲಿನ್ ಯಾರು ಚುಚ್ಚುತ್ತಾರೆ, ಅವರು ಏನು ಓದಿದ್ದಾರೆ ಅಂತಲೂ ಕೇಳಿ. ನಾನು ಒಂದು ಕಡೆ ಹೀಗೆ ಕೇಳಿದಾಗ ‘ನರ್ಸ್’ ಅಂತ ಕರೆತಂದವರು ಬೆಳಿಗ್ಗೆ ನಮಗೆ ಉಪ್ಪಿಟ್ಟು ಬಡಿಸಿದ್ದವರೇ!

ಅಡುಗೆಮನೆಗೆ 14 ಅಂಕಿಯ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನಂಬರ್ ಇದೆಯಾ ನೋಡಿ.

ಇನ್ನು ಜಿಎಸ್‌ಟಿ. ಆದಾಯ ತೆರಿಗೆ ಕಾಯ್ದೆಯ 12ಎಎ ಅಥವಾ 12ಎಬಿ ಕಲಂ ಅಡಿ ದತ್ತಿ ಸಂಸ್ಥೆ ಅಂತ ನೋಂದಣಿ ಇರುವವರು, 60 ದಾಟಿದವರಿಂದ ಊಟ, ವಸತಿ, ಆರೈಕೆ ಎಲ್ಲ ಸೇರಿಸಿ ತಿಂಗಳಿಗೆ 25,000 ರೂಪಾಯಿವರೆಗೆ ತೆಗೆದುಕೊಂಡರೆ ಅದಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ನಿಮ್ಮದು 22,000. ಆ ಟ್ರಸ್ಟಿಗೆ ಈ ನೋಂದಣಿ ಇದ್ದರೆ ನಿಮಗೆ ತೆರಿಗೆ ಹಾಕುವುದು ಯಾಕೆ? ಇಲ್ಲದಿದ್ದರೆ ಸೇವಾ ಟ್ರಸ್ಟ್ ಅಂತ ಹೇಳಿಕೊಳ್ಳುವವರಿಗೆ ಅದು ಯಾಕಿಲ್ಲ? ಎರಡರಲ್ಲಿ ಯಾವುದಾದರೂ ಒಂದಕ್ಕೆ ಅವರು ಉತ್ತರ ಕೊಡಲೇಬೇಕು.

ದೂರಿನ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಸೀದಾ ಉಪವಿಭಾಗಾಧಿಕಾರಿ, ಅಂದರೆ ಎಸಿ ಕಚೇರಿಯ ನ್ಯಾಯಮಂಡಳಿಗೆ ಹೋಗಿಬಿಡುತ್ತಾರೆ. ಅಲ್ಲಿ ಹಿರಿಯರು ಜೀವನಾಂಶ ಕೇಳುವುದು ಮಕ್ಕಳಿಂದ, ಸಂಬಂಧಿಕರಿಂದ. ಆಶ್ರಮದ ಊಟ ಸರಿಯಿಲ್ಲ ಅನ್ನುವ ತಕರಾರಿಗೆ ಅದು ಜಾಗವಲ್ಲ. ಅಂಥದ್ದಕ್ಕೆ ಜಿಲ್ಲೆಯಲ್ಲಿರುವ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಕಚೇರಿಗೆ ಬರೆದು ಕೊಡಿ. ಸೇರಿಸುವ ಮೊದಲೇ ಅಲ್ಲಿ ಒಮ್ಮೆ ಈ ಆಶ್ರಮದ ಹೆಸರು ಹೇಳಿ ವಿಚಾರಿಸುವುದೂ ಒಳ್ಳೆಯದು. ಪುಣೆಯಿಂದಲೇ ಆಗಬೇಕೆಂದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಹೊಡೆದರು, ಕೂಡಿಹಾಕಿದರು ಅಂತಾದರೆ ಪೊಲೀಸರ ಹತ್ತಿರವೇ ಹೋಗಬೇಕು, ಕಾಯಬೇಡಿ.

ಅಡ್ವಾನ್ಸ್ ವಾಪಸ್ ಕೊಡದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ದುಡ್ಡು ಕೊಟ್ಟು ಸೇವೆ ಪಡೆದ ಮೇಲೆ ನೀವು ಗ್ರಾಹಕರು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವೂ ಇಲ್ಲ. ಆದರೆ ಅಲ್ಲಿ ಬಾಯಿಮಾತು ನಡೆಯುವುದಿಲ್ಲ, ಕರಾರು ಪತ್ರ ಬೇಕು. ಅಮ್ಮ ಬಿಟ್ಟು ಬಂದರೆ, ತೀರಿಕೊಂಡರೆ, ಆಸ್ಪತ್ರೆಗೆ ಸೇರಿದರೆ ಆ 2 ಲಕ್ಷದಲ್ಲಿ ಎಷ್ಟು, ಎಷ್ಟು ದಿನದೊಳಗೆ ವಾಪಸ್ ಅಂತ ಅದರಲ್ಲಿ ಬರೆಸಿ. ರಾತ್ರಿ ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಅನ್ನುವುದನ್ನೂ ಬರೆಸಿ. ಇಷ್ಟಕ್ಕೇ ಅವರು ಮುಖ ಸಿಂಡರಿಸಿದರೆ ಸುಮ್ನೆ ಬೇರೆ ಕಡೆ ನೋಡಿ.