ಅಪ್ಪನ ದನಿಯಲ್ಲಿ ಎಷ್ಟು ದಿನ ಮಾತಾಡಲಿ?

ಪ್ರಶ್ನೆ: ನನಗೆ 31 ವರ್ಷ. ಊರು ಕುಂದಾಪುರ, ಕೆಲಸ ಬೆಂಗಳೂರಿನಲ್ಲಿ. ಕಾಲೇಜಿನ ಐದು ಜನ ಗೆಳೆಯರಿಗೆ ಮೂರು ವರ್ಷದಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಕಥೆ ಕಟ್ಟುವ ಆಟ ಆಡಿಸುತ್ತಿದ್ದೇನೆ. ನಾನೇ ಡಿಎಂ, ಅಂದರೆ ಕಥೆ ಹೇಳಿ ಆಡಿಸುವವಳು. ಹದಿನೈದು ದಿನಕ್ಕೊಮ್ಮೆ ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಸೇರುತ್ತೇವೆ. ಒಬ್ಬಳು ಡಬ್ಲಿನ್‌ನಿಂದ ವಿಡಿಯೊದಲ್ಲಿ ಬರುತ್ತಾಳೆ. ಆಡುತ್ತಾ ಹೋದ ಹಾಗೆ ಪಾತ್ರಗಳ ಲೆವೆಲ್, ಅಂದರೆ ಶಕ್ತಿಯ ಮಟ್ಟ, ಏರುತ್ತದೆ. ಈಗ ಎಲ್ಲರೂ 11ನೇ ಲೆವೆಲ್. 20ರವರೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ. ಈಗ ಸಾಕಾಗಿದೆ. ಒಂದೊಂದು ಸೆಷನ್‌ಗೆ ಆರೇಳು ಗಂಟೆ ತಯಾರಿ. ಅದೇ ದಿನ ಮಧ್ಯಾಹ್ನ ಮೂರಕ್ಕೆ ಯಾರೋ ಒಬ್ಬರು 'ಇವತ್ತು ಆಗಲ್ಲ' ಎಂದು ಮೆಸೇಜ್ ಹಾಕುತ್ತಾರೆ. ನಮ್ಮಲ್ಲಿ ಒಬ್ಬನ ತಂದೆ ಎರಡು ವರ್ಷದ ಹಿಂದೆ ಆಕ್ಸಿಡೆಂಟ್‌ನಲ್ಲಿ ತೀರಿಕೊಂಡರು. ಆಟದಲ್ಲಿ ಅವನ ಪಾತ್ರ ಕ್ಲೆರಿಕ್, ಅಂದರೆ ದೇವರ ಶಕ್ತಿಯಿಂದ ಮಂತ್ರ ಹಾಕುವವನು. ಆ ಕ್ಲೆರಿಕ್ ತನ್ನ ಸತ್ತ ತಂದೆಯ ಆತ್ಮವನ್ನು ಹುಡುಕುತ್ತಿದ್ದಾನೆ. ಆ ತಂದೆಯ ಮಾತನ್ನು ನಾನೇ ಆಡಬೇಕು. ಆಟ ನಿಲ್ಲಿಸಿದರೆ ಅವನ ಕಥೆ ಏನು, ನಮ್ಮ ಗುಂಪೇ ಒಡೆದುಹೋದರೆ ಎಂಬ ಭಯ. ಗಂಡ 'ಆಟ ತಾನೇ, ಬಿಟ್ಟುಬಿಡು' ಎನ್ನುತ್ತಾನೆ. ಏನು ಮಾಡಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಉದ್ದನೆಯ ಪತ್ರವನ್ನು ಮೂರು ಸಲ ಓದಿದೆ. ಇಲ್ಲಿ ಹಾಕಿರುವುದು ಅದರ ಚಿಕ್ಕ ರೂಪ. ತಯಾರಿಯ ಬಗ್ಗೆ ಒಂದು ಪುಟ ಬರೆದಿದ್ದೀರಿ. ಕೊನೆ ಗಳಿಗೆಯ ಮೆಸೇಜ್‌ಗಳ ಬಗ್ಗೆ ಇನ್ನೊಂದು ಪುಟ. ಅವೆರಡರ ನಡುವೆ ಒಂದೇ ಒಂದು ಸಾಲು ಇದೆ: 'ಆ ತಂದೆಯ ಮಾತನ್ನು ನಾನೇ ಆಡಬೇಕು.' ನಾನು ಮೂರು ಸಲವೂ ನಿಂತಿದ್ದು ಆ ಸಾಲಿನ ಹತ್ತಿರ. ನಿಮಗೆ ನಿಜವಾಗಿ ಭಾರವಾಗಿರುವುದು ಅದೇ ಎಂದು ನನಗೆ ಅನ್ನಿಸುತ್ತದೆ. ಅಲ್ಲಿಗೆ ಬರುತ್ತೇನೆ.

ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ರೂಪಿಸಿದ ಈ ಆಟ 1974ರಲ್ಲಿ ಹೊರಬಂತು. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಡಿಎಂ. ಊರು, ಕಾಡು, ರಾಕ್ಷಸರು, ರಾಜರು, ಹೋಟೆಲಿನವನು, ಎಲ್ಲವನ್ನೂ ಅವರೇ ಕಟ್ಟಿ ಹೇಳಬೇಕು. ಉಳಿದವರು ತಲಾ ಒಂದು ಪಾತ್ರ ಹಿಡಿದು 'ನಾನು ಹೀಗೆ ಮಾಡುತ್ತೇನೆ' ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂದು ಇಪ್ಪತ್ತು ಮುಖದ ಡೈಸ್ ಹೇಳುತ್ತದೆ. ಗೆಲ್ಲುವವರು, ಸೋಲುವವರು ಇಲ್ಲ. ತಾಳಮದ್ದಳೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಅಲ್ಲೂ ಬರೆದಿಟ್ಟ ಡೈಲಾಗ್ ಇಲ್ಲ, ಕೂತಲ್ಲೇ ಪಾತ್ರವಾಗಿ ಮಾತು ಹುಟ್ಟಬೇಕು. ವ್ಯತ್ಯಾಸ ಅಂದರೆ ಅಲ್ಲಿ ಪ್ರಸಂಗದ ಕಥೆ ಮೊದಲೇ ಗೊತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ.

ನಿಮ್ಮ ಗಂಡ ಕಾಳಜಿಯಿಂದಲೇ 'ಆಟ ತಾನೇ' ಎಂದಿರಬಹುದು. ಆದರೆ ಆರು ಜನ ಮೂರು ವರ್ಷ ಕೂತು ಕಟ್ಟಿದ ಲೋಕ ಅದು. ನಿಲ್ಲಿಸಲು ನಿಮಗೆ ಕಷ್ಟವಾಗುತ್ತಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ನಿಲ್ಲಿಸಬೇಕು ಅನ್ನಿಸುವುದರಲ್ಲೂ ತಪ್ಪಿಲ್ಲ.

ಈಗ ಆ ಸಾಲಿಗೆ ಬರೋಣ.

ಪಾತ್ರದ ಭಾವನೆ ಆಟಗಾರನಿಗೆ ಇಳಿಯುವುದು, ಆಟಗಾರನ ನೋವು ಪಾತ್ರಕ್ಕೆ ಸೋರುವುದು, ಇದಕ್ಕೆ ಆಡುವವರು 'ಬ್ಲೀಡ್' ಎನ್ನುತ್ತಾರೆ. ಅದು ಕೆಟ್ಟದ್ದು ಅಂತಲ್ಲ. ಎಷ್ಟೋ ಸಲ ಮನುಷ್ಯರು ಬಾಯಿಬಿಟ್ಟು ಹೇಳಲಾಗದ್ದನ್ನು ಪಾತ್ರದ ಬಾಯಲ್ಲಿ ಹೇಳಿ ಹಗುರಾಗುತ್ತಾರೆ. ನಿಮ್ಮ ಗೆಳೆಯನಿಗೂ ಹಾಗೇ ಆಗಿರಬಹುದು. ಆದರೆ ಎದುರಿಗೆ ಕೂತ ನಿಮ್ಮ ಪಾಡೇನು? 'ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಮಗಾ' ಎಂದು ನೀವು ಆ ತಂದೆಯಾಗಿ ಹೇಳಿದರೆ, ಅದನ್ನು ಕೇಳಿಸಿಕೊಳ್ಳುವುದು ಕ್ಲೆರಿಕ್ ಒಬ್ಬನೇ ಅಲ್ಲ. ಒಂದು ಮಾತು ಹೆಚ್ಚುಕಮ್ಮಿ ಆದರೆ ಪೆಟ್ಟು ಬೀಳುವುದು ನಿಜವಾದ ಗೆಳೆಯನಿಗೆ. ಅದು ನಿಮಗೆ ಗೊತ್ತು. ಅದಕ್ಕೇ ಆರೇಳು ಗಂಟೆ ತಯಾರಿ ಮಾಡುತ್ತೀರಿ. ರಾಕ್ಷಸರ ಲೆಕ್ಕಾಚಾರಕ್ಕೆ ಅಷ್ಟು ಹೊತ್ತು ಬೇಕಿಲ್ಲ, ಅಲ್ವಾ?

ಇನ್ನೊಂದು ವಿಷಯ. ನೀವು ಅದನ್ನು ಬರೆದಿಲ್ಲ, ಆದರೆ ಡಿಎಂ ಆಗಿ ನಿಮ್ಮ ತಲೆಯಲ್ಲಿ ಇದ್ದೇ ಇರುತ್ತದೆ. ನಿಮ್ಮ ಪಾತ್ರಗಳ ತಂಡ ಈಗ 11ನೇ ಲೆವೆಲ್. 13ಕ್ಕೆ ಬಂದರೆ ಕ್ಲೆರಿಕ್‌ಗೆ ಏಳನೇ ಹಂತದ ಮಂತ್ರಗಳು ಸಿಗುತ್ತವೆ. ಅದರಲ್ಲಿ ಒಂದು ರೆಸರೆಕ್ಷನ್. ಸಾವಿರ ಚಿನ್ನದ ನಾಣ್ಯ ಬೆಲೆಯ ಒಂದು ವಜ್ರ ಇದ್ದರೆ ಸಾಕು, ನೂರು ವರ್ಷದೊಳಗೆ ಸತ್ತವರನ್ನು ಎಬ್ಬಿಸಬಹುದು. ವಯಸ್ಸಾಗಿ ಸತ್ತಿರಬಾರದು. ಜೊತೆಗೆ ಒಂದು ನಿಯಮ ಇದೆ: ಸತ್ತವರ ಆತ್ಮಕ್ಕೆ ಮರಳಿ ಬರುವ ಮನಸ್ಸಿರಬೇಕು.

ಆ ಮನಸ್ಸು ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ಯಾರು? ನೀವು. ಇನ್ನು ಎರಡೇ ಲೆವೆಲ್‌ನಲ್ಲಿ, ಐದು ಜನರ ಎದುರು, ತಂದೆಯನ್ನು ಕಳೆದುಕೊಂಡ ಗೆಳೆಯನಿಗೆ 'ಬರುತ್ತೇನೆ' ಎಂದೋ 'ಬರಲ್ಲ' ಎಂದೋ ನೀವು ಉತ್ತರ ಕೊಡಬೇಕಾಗುತ್ತದೆ. ಎರಡೂ ಕಷ್ಟದ ಉತ್ತರಗಳೇ. ಅವನೂ ಆ ಮಂತ್ರದ ಪುಟ ತೆಗೆದು ಓದಿರುತ್ತಾನೆ. ಕ್ಲೆರಿಕ್ ಆಡುವವರು ಮುಂದಿನ ಮಂತ್ರಗಳನ್ನು ಮೊದಲೇ ಓದಿಟ್ಟುಕೊಂಡಿರುತ್ತಾರೆ.

ಹಾಗಾಗಿ ನನ್ನ ಸಲಹೆ ಇಷ್ಟು: 13 ಬರುವ ಮೊದಲೇ ಈ ಕಥೆ ಮುಗಿಸಿ. ಅದಕ್ಕೂ ಮೊದಲು ಅವನ ಜೊತೆ ಮಾತಾಡಿ.

ಮಾತಾಡುವುದು ಮೇಜಿನ ಹತ್ತಿರ ಬೇಡ, ಗ್ರೂಪ್‌ನಲ್ಲಂತೂ ಬೇಡವೇ ಬೇಡ. ಒಂದು ಸಂಜೆ ಇಬ್ಬರೇ ಕಾಫಿಗೆ ಹೋಗಿ, ಇಲ್ಲವೇ ಪಾರ್ಕಿನಲ್ಲಿ ಒಂದು ಸುತ್ತು ನಡೆಯಿರಿ. ನಡೆಯುತ್ತಾ ಮಾತಾಡಿದರೆ ಮುಖ ನೋಡುವ ಕಷ್ಟ ಇರುವುದಿಲ್ಲ. 'ನಿನಗೆ ಒಳ್ಳೆಯದಾಗಲಿ ಅಂತ ನಿಲ್ಲಿಸುತ್ತಿದ್ದೇನೆ' ಎಂದು ಮಾತ್ರ ಹೇಳಬೇಡಿ. ಅದು ಅವನ ಮೇಲೆ ಭಾರ ಹಾಕಿದ ಹಾಗಾಗುತ್ತದೆ. ನಿಮ್ಮ ಮಾತು ಹೇಳಿ. 'ನಿನ್ನ ಅಪ್ಪನಂಥ ಒಬ್ಬರ ದನಿಯಲ್ಲಿ ಮಾತಾಡುವುದು ನನಗೆ ಕಷ್ಟವಾಗುತ್ತಿದೆ ಕಣೋ. ತಪ್ಪು ಮಾತು ಬಂದುಬಿಟ್ಟರೆ ಅಂತ ಭಯ. ಈ ಕಥೆಯನ್ನು ನಾವಿಬ್ಬರೂ ಸೇರಿ ಹೇಗೆ ಮುಗಿಸೋಣ?' ಇಷ್ಟು ಸಾಕು. ಆಮೇಲೆ ಸುಮ್ನೆ ಕೇಳಿಸಿಕೊಳ್ಳಿ. ಅವನು ಅಳಬಹುದು. 'ನನಗೆ ಅದು ಅಷ್ಟೇನೂ ದೊಡ್ಡದಾಗಿರಲಿಲ್ಲ' ಅನ್ನಲೂಬಹುದು. ನಾವು ಎಷ್ಟೋ ಸಲ ಇನ್ನೊಬ್ಬರ ದುಃಖವನ್ನು ಊಹಿಸಿಕೊಂಡು ಹೊತ್ತಿರುತ್ತೇವೆ.

ಮಾತಿನ ನಡುವೆ ಅವನು ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಊಟ ಸೇರುತ್ತಿಲ್ಲ, ಬೇರೆ ಯಾರ ಜೊತೆಗೂ ಬೆರೆಯುತ್ತಿಲ್ಲ ಎಂದು ಗೊತ್ತಾದರೆ ಅದನ್ನು ನೀವೊಬ್ಬರೇ ಹೊರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ಸಲ ಅವನ ಪಕ್ಕದಲ್ಲಿ ಕೂತು ನೀವೇ ನಂಬರ್ ಒತ್ತಿಕೊಡಿ. ಗೆಳತಿಯಾಗಿ ಅಷ್ಟು ಮಾಡಿ. ಡಿಎಂ ಆಗಿ ಇದನ್ನು ಸರಿಮಾಡಲು ಹೋಗಬೇಡಿ.

ಆ ಕೊನೆಯ ಭೇಟಿಯ ದೃಶ್ಯಕ್ಕೆ ನನ್ನದೊಂದು ಕೋರಿಕೆ. ತಂದೆಯ ಮಾತನ್ನು ಈ ಸಲ ನೀವು ಆಡಬೇಡಿ. ಜಾಗ ನೀವು ಕಟ್ಟಿಕೊಡಿ: ಹೊಳೆಯ ದಂಡೆಯೋ, ಹಳೆಯ ಮನೆಯ ಜಗಲಿಯೋ, ಏನು ಸರಿಯೋ ಅದು. ತಂದೆ ಕೂತಿದ್ದಾರೆ, ಮಗನನ್ನು ನೋಡುತ್ತಿದ್ದಾರೆ ಎಂದು ಹೇಳಿ ನಿಲ್ಲಿಸಿ. ಆಮೇಲೆ ಗೆಳೆಯನನ್ನು ಕೇಳಿ: 'ಅವರು ಏನು ಹೇಳಿದರು?' ಅವನೇ ಹೇಳಲಿ. ಹೇಳಲಾಗದಿದ್ದರೆ ಪರದೆ ಎಳೆಯಿರಿ. 'ಅವರಿಬ್ಬರೂ ತುಂಬಾ ಹೊತ್ತು ಮಾತಾಡಿದರು' ಎಂದಷ್ಟೇ ಹೇಳಿ ಮುಂದಕ್ಕೆ ಹೋಗಿ. ಡೈಸ್ ಬೇಡ. ಹೀಗೆ ಮಾಡುತ್ತೇನೆ ಎಂದು ಅವನಿಗೆ ಮೊದಲೇ ಹೇಳಿ, ಒಪ್ಪಿಗೆ ತಗೊಳ್ಳಿ. ಇಂಥದ್ದರಲ್ಲಿ ಸರ್‌ಪ್ರೈಸ್ ಒಳ್ಳೆಯದಲ್ಲ.

ಅಲ್ಲಿಯವರೆಗಿನ ಸೆಷನ್‌ಗಳಲ್ಲಿ ಮೇಜಿನ ಮೇಲೆ ಒಂದು ಕಾರ್ಡ್ ಇಟ್ಟುಕೊಳ್ಳಿ. ಜಾನ್ ಸ್ಟಾವ್ರೊಪೌಲೊಸ್ ಎಂಬುವವರು ಇಂಥ ಆಟಗಳಿಗೆಂದೇ ರೂಪಿಸಿದ 'ಎಕ್ಸ್ ಕಾರ್ಡ್' ಅದು. ಒಂದು ಚೀಟಿಯ ಮೇಲೆ ಎಕ್ಸ್ ಬರೆದರೆ ಆಯಿತು. ಯಾರಿಗೆ ಕಷ್ಟ ಅನ್ನಿಸಿದರೂ ಅದನ್ನು ಮುಟ್ಟಬಹುದು, ಕಾರಣ ಹೇಳಬೇಕಿಲ್ಲ, ಆ ಭಾಗವನ್ನು ಬಿಟ್ಟು ಮುಂದಕ್ಕೆ ಹೋಗುತ್ತೀರಿ. ಬಹಳ ಜನ ಅದು ಆಟಗಾರರಿಗೆ ಮಾತ್ರ ಎಂದುಕೊಳ್ಳುತ್ತಾರೆ. ಡಿಎಂ ಕೂಡ ಮುಟ್ಟಬಹುದು. ನೀವೂ ಮುಟ್ಟಿ.

20ರವರೆಗೆ ಎಂದು ಕೊಟ್ಟ ಮಾತಿನ ಬಗ್ಗೆ ಜಾಸ್ತಿ ಕೊರಗಬೇಡಿ. ಆ ಮಾತು ಕೊಟ್ಟಾಗ ನೀವು ಮೂರು ವರ್ಷ ಚಿಕ್ಕವರು. 11ನೇ ಲೆವೆಲ್ ದಾಟಿದ ಮೇಲೆ ಆಟ ನಡೆಸುವುದೂ ಭಾರವಾಗುತ್ತದೆ. ಮಂತ್ರವಾದಿಗಳ ಕೈಗೆ ಆರನೇ ಹಂತದ ಮಂತ್ರ ಬಂದಿರುತ್ತದೆ. ಫೈಟರ್ ಒಂದೇ ಸರದಿಯಲ್ಲಿ ಮೂರು ಸಲ ಹೊಡೆಯುತ್ತಾನೆ. ಗುಟ್ಟು ಬಚ್ಚಿಡೋಣ ಅಂದರೆ ದೂರದಿಂದಲೇ ನೋಡುವ ಮಂತ್ರ ಅವರ ಹತ್ತಿರ ಒಂಬತ್ತನೇ ಲೆವೆಲ್‌ನಿಂದಲೇ ಇದೆ. ಒಂದು ಕಾಳಗಕ್ಕೇ ಇಡೀ ಸಂಜೆ ಹೋಗುತ್ತದೆ. ನಿಮ್ಮ ಶಕ್ತಿ ಕಮ್ಮಿಯಾಗಿದೆ ಎಂದುಕೊಳ್ಳಬೇಡಿ. ಕೆಲಸವೇ ಜಾಸ್ತಿಯಾಗಿದೆ.

ಎಲ್ಲರಿಗೂ ಹೇಳುವಾಗ ಲೆಕ್ಕ ಇಟ್ಟು ಹೇಳಿ. 'ಇನ್ನು ಆರು ಸೆಷನ್, ಆಮೇಲೆ ಈ ಕಥೆ ಮುಗಿಯುತ್ತದೆ.' ಆರು ಎಂದರೆ ಆರೇ. ನಾನೂ ಈ ಆಟ ಆಡಿಸುತ್ತಿದ್ದೆ, ನನ್ನ ಮೊದಲ ಗುಂಪಿಗೆ ಹೀಗೆ ಹೇಳಲಿಲ್ಲ. ಸಾಕಾಗಿತ್ತು, ಹೇಳಲು ಬಾಯಿ ಬರಲಿಲ್ಲ. ಒಂದು ವಾರ ನೆಂಟರು ಬಂದಿದ್ದಾರೆ ಎಂದೆ, ಇನ್ನೊಂದು ವಾರ ಆಫೀಸ್ ಕೆಲಸ ಎಂದೆ. ನಾಲ್ಕು ತಿಂಗಳಾದ ಮೇಲೆ ಯಾರೂ ಕೇಳುವುದನ್ನೇ ಬಿಟ್ಟರು. ಎಷ್ಟೋ ವರ್ಷದ ನಂತರ ಅವರಲ್ಲಿ ಒಬ್ಬಳು ಒಂದು ಮದುವೆ ಮನೆಯಲ್ಲಿ ಸಿಕ್ಕಳು. ಊಟದ ಪಂಕ್ತಿಯಲ್ಲಿ ಪಕ್ಕ ಕೂತು ಕೇಳಿದಳು, 'ಆ ಸೇತುವೆ ದಾಟಿದ್ದರೆ ಆ ಕಡೆ ಏನಿತ್ತು?' ನನಗೆ ನೆನಪಿರಲಿಲ್ಲ. ಅವಳು ಅಷ್ಟು ವರ್ಷ ಅದನ್ನು ನೆನಪಿಟ್ಟುಕೊಂಡಿದ್ದಳು. ಆ ದಿನ ನನಗಾದ ಸಂಕಟ ನಿಮಗೆ ಬೇಡ.

ಗುಂಪು ಒಡೆಯುತ್ತದೆ ಎಂಬ ಭಯದ ಬಗ್ಗೆ. ಮೂರು ವರ್ಷ ದಿನ ಗೊತ್ತುಮಾಡಿದ್ದು, ಮನೆ ಕೊಟ್ಟಿದ್ದು, ಕಥೆ ಕಟ್ಟಿದ್ದು, ಬಹುಶಃ ಚಹಾ ಮಾಡಿದ್ದೂ ನೀವೇ. ಅವರಿಗೆ ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ. ನೀವು ಕೇಳಲಿಲ್ಲ, ಅವರಿಗೆ ಹೊಳೆಯಲಿಲ್ಲ. ಈ ಆರು ಸೆಷನ್‌ನಲ್ಲೇ ಕೇಳಿ ನೋಡಿ. ಕಳೆದ ಸಲ ಏನಾಯಿತು ಎಂದು ಒಬ್ಬರು ಬರೆದಿಡಲಿ. ಕಾಳಗದಲ್ಲಿ ಸರದಿಯ ಲೆಕ್ಕ ಇನ್ನೊಬ್ಬರು ನೋಡಲಿ. ಯಾರು ಬರುತ್ತಾರೆ, ಬರಲ್ಲ ಎಂದು ವಿಚಾರಿಸುವ ಕೆಲಸ ಮತ್ತೊಬ್ಬರದು. ಐದರಲ್ಲಿ ಮೂವರು ಬಂದರೆ ಆಟ ನಡೆಯುತ್ತದೆ, ಬಾರದವರ ಪಾತ್ರ ಛತ್ರದಲ್ಲಿ ಮಲಗಿರುತ್ತದೆ ಎಂದು ತೀರ್ಮಾನಿಸಿ. ಪ್ರತಿ ಸೆಷನ್ ಮುಗಿಯುವಾಗ 'ಮುಂದಿನ ಸಲ ಎಲ್ಲಿಗೆ ಹೋಗುತ್ತೀರಿ?' ಎಂದು ಕೇಳಿಬಿಡಿ. ಅಷ್ಟಕ್ಕೆ ಮಾತ್ರ ತಯಾರಿ ಮಾಡಿ. ಎರಡು ಗಂಟೆಗಿಂತ ಹೆಚ್ಚು ಕೂರಬೇಡಿ.

ಬೆನ್ ರಾಬಿನ್ಸ್ ಎಂಬ ಆಟದ ವಿನ್ಯಾಸಕ 'ವೆಸ್ಟ್ ಮಾರ್ಚಸ್' ಎಂಬ ಕ್ಯಾಂಪೇನ್, ಅಂದರೆ ಹಲವು ಸೆಷನ್‌ಗಳ ಉದ್ದದ ಆಟ, ನಡೆಸಿದಾಗ ಇಡೀ ಕ್ರಮವನ್ನೇ ತಿರುಗಿಸಿದ್ದರು. ಯಾವ ದಿನ ಆಡಬೇಕು, ಯಾರು ಹೋಗಬೇಕು, ಎಲ್ಲಿಗೆ ಹೋಗಬೇಕು ಎಂದು ಆಟಗಾರರೇ ಸೇರಿ ತೀರ್ಮಾನಿಸಿ ಅವರಿಗೆ ತಿಳಿಸಬೇಕು. ಆಟಗಾರರು ಸೇರದಿದ್ದರೆ ಆಟ ಇಲ್ಲ. ನಿಮ್ಮ ಮುಂದಿನ ಆಟಕ್ಕೆ ಇದು ಒಗ್ಗಬಹುದು.

'ನನ್ನ ಬಿಟ್ಟು ಯಾರಿಗೂ ಡಿಎಂ ಆಗಲು ಬರಲ್ಲ' ಎಂದೂ ಬರೆದಿದ್ದೀರಿ. ಗೈಗ್ಯಾಕ್ಸ್ ತಾವು ಕಟ್ಟಿದ ಗ್ರೇಹಾಕ್ ಎಂಬ ಆಟದ ಲೋಕವನ್ನು ಮೊದಲ ಸಲ ಆಡಿಸಿದ್ದು ತಮ್ಮ ಮಗ ಎರ್ನಿ ಮತ್ತು ಮಗಳು ಎಲೀಸ್‌ಗೆ. ಅದರ ಮರುದಿನ ಬಂದು ಸೇರಿಕೊಂಡವರಲ್ಲಿ ರಾಬ್ ಕುಂಟ್ಸ್ ಎಂಬ ಹುಡುಗನೂ ಇದ್ದ. ಮುಂದೆ ಗೈಗ್ಯಾಕ್ಸ್ ಅವನನ್ನೇ ತಮ್ಮ ಜೊತೆಗಿನ ಎರಡನೇ ಡಿಎಂ ಮಾಡಿಕೊಂಡರು. ಅವನು ಆಡಿಸುವಾಗ ಇವರು ಪಾತ್ರ ಹಿಡಿದು ಕೂತರು. ಮೊರ್ಡೆನ್‌ಕೈನೆನ್ ಎಂಬ ಮಂತ್ರವಾದಿಯ ಹೆಸರು ನಿಮಗೆ ಗೊತ್ತಿದೆ, ನಿಮ್ಮ ಆಟದ ಮಂತ್ರಗಳಲ್ಲೇ ಬರುತ್ತದೆ. ಅದು ಗೈಗ್ಯಾಕ್ಸ್ ಆಟಗಾರನಾಗಿ ಆಡಿದ ಪಾತ್ರ. ಆಟ ಕಟ್ಟಿದವರೇ ಜಾಗ ಬಿಟ್ಟು ಈ ಕಡೆ ಬಂದು ಕೂತರು. ನಿಮ್ಮೂರಿನ ಕಡೆ ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟದಲ್ಲೂ ಒಬ್ಬರೇ ಭಾಗವತರು ಬೆಳಗಿನ ತನಕ ಹಾಡುವುದಿಲ್ಲ, ಅಲ್ವಾ? ಒಬ್ಬರು ಎದ್ದು ಇನ್ನೊಬ್ಬರು ಕೂರುತ್ತಾರೆ.

ಆರು ಸೆಷನ್ ಮುಗಿದ ಮೇಲೆ ಬೇರೆ ಯಾರಾದರೂ ಒಂದೇ ಸಂಜೆಯಲ್ಲಿ ಮುಗಿಯುವ ಒನ್‌ಶಾಟ್ ಆಡಿಸಲಿ. ನಿಮ್ಮಷ್ಟು ಚೆನ್ನಾಗಿ ಬರುವುದಿಲ್ಲ. ನಿಯಮ ತಪ್ಪುತ್ತಾರೆ, ತಡವರಿಸುತ್ತಾರೆ. ಆಗ ಬಾಯಿ ಹಾಕಬೇಡಿ. ಮೂರು ವರ್ಷದಿಂದ ನೀವು ಒಂದು ಪಾತ್ರವನ್ನೂ ನಿಮ್ಮದು ಎಂದು ಇಟ್ಟುಕೊಂಡಿಲ್ಲ. ಪಾತ್ರದ ವಿವರ ಬರೆಯುವ ಒಂದು ಶೀಟ್ ತಗೊಂಡು ಹೆಸರಿಡಿ. ಆ ಸಂತೋಷ ನಿಮಗೂ ಸಿಗಬೇಕು.

ಯಾರೂ ಮುಂದೆ ಬರದೆ ಹೋಗಬಹುದು. ಆಟ ಇಲ್ಲದ ಭಾನುವಾರ ಯಾರೂ ಫೋನ್ ಮಾಡದೆಯೂ ಇರಬಹುದು. ಹಾಗಾದರೆ ನಿಮಗೆ ನೋವಾಗುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಆ ಗೆಳೆತನವನ್ನು ಇಷ್ಟು ದಿನ ನೀವೊಬ್ಬರೇ ತಳ್ಳುತ್ತಿದ್ದಿರಿ ಎಂದಾದರೆ, ಅದು ಇವತ್ತಲ್ಲ ನಾಳೆ ತಿಳಿಯಲೇಬೇಕಿತ್ತು. ಪತ್ರ ಓದಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಡಬ್ಲಿನ್‌ನವಳು ಮೂರು ವರ್ಷದಲ್ಲಿ ನಾಲ್ಕೇ ಸಲ ತಪ್ಪಿಸಿದ್ದಾಳೆ ಎಂದು ನೀವೇ ಲೆಕ್ಕ ಕೊಟ್ಟಿದ್ದೀರಿ. ಬೆಂಗಳೂರಿನಲ್ಲಿ ಸಂಜೆ ಆರು ಅಂದರೆ ಅಲ್ಲಿ ಇನ್ನೂ ಮಧ್ಯಾಹ್ನ. ಪ್ರತಿ ಸಲ ಭಾನುವಾರದ ಮಧ್ಯಾಹ್ನ ಪೂರ್ತಿ ಬಿಟ್ಟು ಬಂದು ಕೂರುತ್ತಾಳೆ.

ಅವಳು ಡಿಸೆಂಬರಿನಲ್ಲಿ ಊರಿಗೆ ಬರುತ್ತಾಳೆ ಎಂದಿದ್ದೀರಿ. ಕೊನೆಯ ಸೆಷನ್ ಆ ವಾರಕ್ಕೆ ಇಟ್ಟುಕೊಳ್ಳಿ. ಆರೂ ಜನ ಒಂದೇ ಮೇಜಿನ ಸುತ್ತ ಕೂತು ಡೈಸ್ ಹಾಕಿ. ತಾರೀಕು ಈಗಲೇ ಹೇಳಿಬಿಡಿ. ಅವತ್ತಿನ ಅಡುಗೆ ಅವರು ಮಾಡಲಿ.