ಜಪಾನಿನಲ್ಲಿ ಅಷ್ಟೊಂದು ಭೂಕಂಪ, ನಮ್ಮ ರಾಯಚೂರಿನಲ್ಲಿ ಯಾಕಿಲ್ಲ?

ಜಪಾನ್ ಇರುವುದೇ ನಾಲ್ಕು ಭೂಫಲಕಗಳು, ಅಂದರೆ ಭೂಮಿಯ ಹೊರಪದರದ ದೊಡ್ಡ ತುಂಡುಗಳು, ಸೇರುವ ಜಾಗದಲ್ಲಿ. ಒಂದರ ಅಡಿಗೆ ಇನ್ನೊಂದು ನುಗ್ಗುತ್ತಲೇ ಇರುತ್ತದೆ, ಹಾಗಾಗಿ ಅಲ್ಲಿ ನೆಲ ಸುಮ್ನೆ ಇರುವುದಿಲ್ಲ. 1923ರ ಸೆಪ್ಟೆಂಬರ್ 1ರಂದು ಟೋಕಿಯೊ ನಡುಗಿದಾಗ ಮಧ್ಯಾಹ್ನ ಹನ್ನೆರಡಕ್ಕೆ ಎರಡು ನಿಮಿಷ ಬಾಕಿ. ಮನೆಮನೆಯಲ್ಲೂ ಅಡುಗೆ ಒಲೆ ಉರಿಯುತ್ತಿತ್ತು. ಮರದ ಮನೆಗಳು ಹೊತ್ತಿಕೊಂಡವು. ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು, ಜಾಸ್ತಿ ಮಂದಿ ಬೆಂಕಿಗೇ. 2011ರಲ್ಲಿ 9ರ ತೀವ್ರತೆಯ ಕಂಪನ ಬಂದಾಗ ಹೆಚ್ಚಿನ ಜೀವ ತೆಗೆದದ್ದು ಸುನಾಮಿ.

ನಮ್ಮದು ಫಲಕದ ಅಂಚಿನಿಂದ ಬಹಳ ದೂರದ, ಸುಮಾರು 250 ಕೋಟಿ ವರ್ಷ ಹಳೆಯ ಗಟ್ಟಿ ನೆಲ. ರಾಯಚೂರು ಕೋಟೆ ಬೆಟ್ಟದ ಬಂಡೆ ನೋಡಿದ್ದೀರಲ್ವಾ? ಅದೇ.

ಹಾಗಂತ ಆಗುವುದೇ ಇಲ್ಲ ಅನ್ನಬೇಡಿ. ಮಹಾರಾಷ್ಟ್ರದ ಲಾತೂರಿನ ಕಿಲ್ಲಾರಿಯೂ ಅಂಚಿನಿಂದ ದೂರವೇ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ 6.2ರ ಕಂಪನವಾಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಗಣಪತಿ ಕಳಿಸಿ ಬಂದು ಮಲಗಿದ್ದ ರಾತ್ರಿ ಅದು. ಮೈಮೇಲೆ ಬಿದ್ದದ್ದು ಕಲ್ಲು-ಮಣ್ಣಿನ ದಪ್ಪ ಗೋಡೆ, ಭಾರದ ಮಣ್ಣಿನ ಮಾಳಿಗೆ. ಅಂಥ ಮಾಳಿಗೆ ಮನೆಗಳು ನಮ್ಮ ಹಳ್ಳಿಗಳಲ್ಲೂ ಇನ್ನೂ ಇವೆ. ಸೋರಬಾರದು ಅಂತ ಮಳೆಗಾಲಕ್ಕೆ ಮುಂಚೆ ಮೇಲೆ ಇನ್ನಷ್ಟು ಸವಳು ಮಣ್ಣು ಹಾಕುತ್ತೇವೆ, ಹಳೆಯದನ್ನು ಮಾತ್ರ ಯಾರೂ ಇಳಿಸುವುದಿಲ್ಲ.