ಗುಡ್ಡದ ಓಟ: ಮೈ ನೋಯುವುದು ಇಳಿಯುವಾಗ

ಪ್ರಶ್ನೆ: ನಾನು ಮುಂಡರಗಿ ತಾಲ್ಲೂಕಿನವನು, ವಯಸ್ಸು 34. ಡಾಂಬರು ರಸ್ತೆಯಲ್ಲಿ ಓಡುವ ಅಭ್ಯಾಸವಿದ್ದು, 10 ಕಿ.ಮೀ. ದೂರವನ್ನು ಒಂದು ಗಂಟೆಯಲ್ಲಿ ಮುಗಿಸುತ್ತೇನೆ. ಈಚೆಗೆ ಕಪ್ಪತಗುಡ್ಡದ ನೆತ್ತಿಯ ಕಾಲುದಾರಿಯಲ್ಲಿ ನಸುಕಿನಲ್ಲಿ ಒಬ್ಬನೇ ಓಡಿಬಂದೆ. ದಾರಿಯಲ್ಲಿ ಯಾರೂ ಎದುರಾಗಲಿಲ್ಲ, ಆ ಪ್ರಶಾಂತತೆ ಬಹಳ ಹಿಡಿಸಿತು. ಆದರೆ ಎರಡು ದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯಲಾಗಲಿಲ್ಲ, ಹೆಬ್ಬೆರಳಿನ ಉಗುರೂ ಕಪ್ಪಾಗಿದೆ. ಮುಂದುವರಿಸಬಹುದೇ?

ಉತ್ತರ: ಖಂಡಿತ ಮುಂದುವರಿಸಬಹುದು, ಆದರೆ ನಸುಕಿನಲ್ಲಿ ಒಬ್ಬರೇ ಹೋಗುವುದನ್ನು ದಯವಿಟ್ಟು ನಿಲ್ಲಿಸಿ. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ಚಿರತೆ, ತೋಳ, ಕತ್ತೆಕಿರುಬಗಳು ಅಲ್ಲಿವೆ, ಮತ್ತು ಅವುಗಳ ಓಡಾಟ ಹೆಚ್ಚಾಗಿರುವುದು ನೀವು ಆರಿಸಿಕೊಂಡ ಹೊತ್ತಿನಲ್ಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಹೋಗಲು ಅನುಮತಿ ಬೇಕಾಗುವುದರಿಂದ, ಯಾವ ದಾರಿಗೆ, ಯಾವ ಸಮಯದಲ್ಲಿ ಪ್ರವೇಶವಿದೆ ಎಂಬುದನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲು ಕೇಳಿಕೊಳ್ಳಿ. ಅನುಮತಿ ಸಿಗದಿದ್ದರೆ ಧಾಮದ ಹೊರಗಿನ ಯಾವುದಾದರೂ ದಿಬ್ಬ ಸಾಕು, ಅಭ್ಯಾಸಕ್ಕೆ ಅದರಿಂದ ಏನೂ ಕೊರತೆಯಾಗದು.

ಇನ್ನು ತೊಡೆಯ ನೋವು. ಏರುವಾಗ ಉಸಿರು ಕಟ್ಟುತ್ತದೆ, ಆದ್ದರಿಂದ ಕಷ್ಟವೆಲ್ಲ ಏರಿನಲ್ಲಿದೆ ಎಂದು ಹೊಸಬರು ಭಾವಿಸುತ್ತಾರೆ. ವಾಸ್ತವದಲ್ಲಿ ಸ್ನಾಯುವಿಗೆ ಹೆಚ್ಚು ಪೆಟ್ಟು ಬೀಳುವುದು ಇಳಿಜಾರಿನಲ್ಲಿ. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗಿರುತ್ತಲೇ ಉದ್ದಕ್ಕೆ ಎಳೆಯಲ್ಪಟ್ಟು ದೇಹದ ಭಾರವನ್ನು ತಡೆಯಬೇಕಾಗುತ್ತದೆ. ಈ ಎಳೆತದಿಂದ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಹಾನಿಯಾಗಿ, ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ತೀವ್ರವಾಗುತ್ತದೆ. ನಿಮಗೆ ಆಗಿರುವುದು ಇದೇ, ಗಾಬರಿ ಬೇಡ. ಒಮ್ಮೆ ಈ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರಗಳವರೆಗೆ ಅದೇ ಇಳಿಜಾರನ್ನು ಹೆಚ್ಚು ಸುಲಭವಾಗಿ ತಾಳಿಕೊಳ್ಳುತ್ತದೆ ಎಂಬುದು ಸಮಾಧಾನದ ಸಂಗತಿ. ಹೀಗಾಗಿ ತಿಂಗಳಿಗೊಮ್ಮೆ ದೊಡ್ಡ ಗುಡ್ಡವನ್ನು ಓಡುವುದಕ್ಕಿಂತ ವಾರಕ್ಕೊಮ್ಮೆ ಸಣ್ಣ ಇಳಿಜಾರಿನಲ್ಲಿ ಓಡುವುದು ಮೇಲು. ಮನೆಯಲ್ಲಿ ಮೆಟ್ಟಿಲಿನ ಅಂಚಿನಲ್ಲಿ ಒಂದು ಕಾಲಿನ ಮೇಲೆ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ಕೆಳಗಿನ ಮೆಟ್ಟಿಲಿಗೆ ತಾಗುವವರೆಗೆ ಮೂರು ಸೆಕೆಂಡು ತೆಗೆದುಕೊಂಡು ನಿಧಾನವಾಗಿ ಇಳಿಸಿ, ಮತ್ತೆ ಮೇಲೇಳಿ. ನಿಂತ ಕಾಲಿನ ಮೊಣಕಾಲು ಒಳಕ್ಕೆ ವಾಲದಂತೆ ನೋಡಿಕೊಳ್ಳಿ.

ನೀವು ಓಡಿದ ನೆಲವೂ ಡಾಂಬರಿನಂತಲ್ಲ. ಗಟ್ಟಿಯಾದ ಕೆಂಪು ನೆಲದ ಮೇಲೆ ಹರಡಿಕೊಂಡ ಗರಸು ಕಾಲಡಿಯಲ್ಲಿ ಗೋಲಿಯಂತೆ ಉರುಳುತ್ತದೆ. ಅಲ್ಲಿ ಹಿಮ್ಮಡಿಯನ್ನು ಮುಂದಕ್ಕೆ ಚಾಚಿ ಹೆಜ್ಜೆ ಇಟ್ಟರೆ ಜಾರುವುದು ಖಚಿತ. ಹೆಜ್ಜೆ ಚಿಕ್ಕದಾಗಿರಲಿ, ಬೇಗ ಬೇಗ ಬೀಳಲಿ, ಪಾದ ಸೊಂಟದ ಕೆಳಗೇ ನೆಲ ಮುಟ್ಟಲಿ, ದೃಷ್ಟಿ ನಾಲ್ಕಾರು ಹೆಜ್ಜೆ ಮುಂದಿರಲಿ. ಮಳೆಗಾಲ ಮುಗಿದ ಮೇಲೆ ಬೆಳೆದ ಹುಲ್ಲು ಕಲ್ಲುಗಳನ್ನು ಮುಚ್ಚಿಬಿಡುತ್ತದೆ, ಅಂಥಲ್ಲಿ ನಡೆದೇ ಹೋಗಿ. ಕಡಿದಾದ ಏರಿನಲ್ಲಿಯೂ ನಡೆಯಿರಿ. ಗುಡ್ಡದ ಓಟದಲ್ಲಿ ನುರಿತವರೂ ಹಾಗೇ ಮಾಡುತ್ತಾರೆ, ಅದರಲ್ಲಿ ಸೋಲೇನೂ ಇಲ್ಲ. ರಸ್ತೆಯ ಒಂದು ಗಂಟೆಯ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಕಿಲೋಮೀಟರಿನ ಬದಲು ಸಮಯವನ್ನು ಅಳೆಯಿರಿ: ಮೊದಲ ತಿಂಗಳು ಏರು, ಇಳಿಜಾರು ಎಲ್ಲ ಸೇರಿ 40 ನಿಮಿಷ ಮೀರಬಾರದು. ಬೇಸಿಗೆಯಲ್ಲಿ ನೆತ್ತಿಯ ಮೇಲೆ ನೀರು ಸಿಗುವುದೆಂದು ನಂಬಿಕೊಳ್ಳದೆ, ಕನಿಷ್ಠ ಅರ್ಧ ಲೀಟರ್ ಜೊತೆಗಿಟ್ಟುಕೊಳ್ಳಿ.

ಉಗುರು ಕಪ್ಪಾಗಿರುವುದು ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ಶೂವಿನ ತುದಿಗೆ ಬಡಿದದ್ದರಿಂದ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರುವ, ತಳದಲ್ಲಿ ಹಲ್ಲುಗಳಿರುವ ಶೂ ಕೊಳ್ಳಿ. ಅಳತೆಯನ್ನು ಸಂಜೆ ಹೊತ್ತು, ಓಡುವಾಗ ಹಾಕುವ ಕಾಲುಚೀಲದೊಂದಿಗೇ ನೋಡಿ. ಇಳಿಯುವ ಮುನ್ನ ಲೇಸನ್ನು ಕಣಕಾಲಿನ ಬಳಿ ಬಿಗಿಯಾಗಿ ಕಟ್ಟಿಕೊಳ್ಳಿ. ಉಗುರಿನ ಕೆಳಗೆ ಮಿಡಿತದ ನೋವಿದ್ದರೆ, ಅಥವಾ ಮೊಣಕಾಲು ಊದಿಕೊಂಡರೆ, ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.